ಹಡಗಿನ ಅಡುಗೆ ವಿಭಾಗ: ನಿಮ್ಮ ಪ್ರಶ್ನೆ, ಚೀಫ್ ಕುಕ್ ಉತ್ತರ

ಅಡ್ಮಿನ್: ಸರಕು ಹಡಗುಗಳಲ್ಲಿ ಚೀಫ್ ಕುಕ್ ಆಗಿದ್ದ ಮಂಗಳೂರಿನ ಹಿರಿಯರು ಇವತ್ತು ಉತ್ತರಿಸುತ್ತಾರೆ. ಕೇಳಿದ್ದನ್ನೇ ಮತ್ತೆ ಕೇಳಬೇಡಿ.

ಕುಂದಾಪುರ: ಸಾರ್, ಹಡಗಿನಲ್ಲಿ ಊಟ ಬಡಿಸುವ ಸ್ಟೂವರ್ಡ್ ಭುಜದ ಮೇಲೆ ಎಷ್ಟು ಪಟ್ಟಿ?

ಚೀಫ್ ಕುಕ್: ಸರಕು ಹಡಗಿನಲ್ಲಿ ಒಂದೂ ಇಲ್ಲ. ಚೀಫ್ ಕುಕ್, ಸೆಕೆಂಡ್ ಕುಕ್, ಊಟ ಬಡಿಸುವ ಮೆಸ್‌ಮನ್ ಎಲ್ಲರೂ ರೇಟಿಂಗ್ಸ್, ಅಂದರೆ ಅಧಿಕಾರಿಗಳಲ್ಲದ ಸಿಬ್ಬಂದಿ. ಬಿಳಿ ಕೋಟು, ಏಪ್ರನ್, ಟೋಪಿ, ಜಾರದ ಶೂ, ಅಷ್ಟೇ. ಚಿನ್ನದ ಪಟ್ಟಿ ಅಧಿಕಾರಿಗಳಿಗೆ, ಕ್ಯಾಪ್ಟನ್‌ಗೆ ನಾಲ್ಕು. ಪ್ರಯಾಣಿಕರ ಹಡಗಿನಲ್ಲಿ ಲೆಕ್ಕಪತ್ರ ನೋಡುವ ಅಧಿಕಾರಿ ಪರ್ಸರ್‌ಗೆ ಪಟ್ಟಿ ಉಂಟು. ಬ್ರಿಟಿಷ್ ಪದ್ಧತಿಯಲ್ಲಿ ಅವರ ಪಟ್ಟಿಗಳ ನಡುವೆ ಬಿಳಿ ಬಟ್ಟೆ, ಡಾಕ್ಟರಿಗೆ ಕೆಂಪು, ಎಂಜಿನಿಯರಿಗೆ ನೇರಳೆ. ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ.

ಕಾರವಾರ: ನೇರಳೆ ಬಂದದ್ದು ಟೈಟಾನಿಕ್ ಎಂಜಿನಿಯರುಗಳ ನೆನಪಿಗೆ. ರಾಜರೇ ಕೊಟ್ಟದ್ದು.

ಮಲ್ಪೆ: ಅಲ್ಲ ಮಾರಾಯ್ರೆ, ಟೈಟಾನಿಕ್ ಮುಳುಗಿದ್ದು 1912ರಲ್ಲಿ. ಬ್ರಿಟಿಷ್ ನೌಕಾಪಡೆಯ ಎಂಜಿನಿಯರುಗಳಿಗೆ 1860ರ ದಶಕದಲ್ಲೇ ನೇರಳೆ ಇತ್ತು.

ಕಾರವಾರ: ನನಗೆ ಬಂದ ಫಾರ್ವರ್ಡ್‌ನಲ್ಲಿ ಫೋಟೋ ಸಮೇತ ಇದೆ.

ಮಲ್ಪೆ: ಫೋಟೋ ಇದ್ದರೆ ಆಯ್ತಾ?

ಹುಬ್ಬಳ್ಳಿ: ನನ್ನ ಮಗಳಿಗೆ ಕ್ರೂಸ್ ಹಡಗಿನಲ್ಲಿ ಕೆಲಸ ಮಾಡುವ ಆಸೆ. ಹೆಣ್ಣುಮಕ್ಕಳಿಗೆ ಹೇಗೆ ಸಾರ್?

ಹೊನ್ನಾವರ: ನನ್ನ ತಮ್ಮ ಗ್ಯಾಲಿಯಲ್ಲಿ, ಅಂದರೆ ಹಡಗಿನ ಅಡುಗೆಮನೆಯಲ್ಲಿ, ಎಣ್ಣೆ ಸಿಡಿಸಿಕೊಂಡ. ಟೂತ್‌ಪೇಸ್ಟ್ ಹಚ್ಚಿದರೆ ಗುಳ್ಳೆ ಏಳುವುದಿಲ್ಲವಂತೆ, ಫಾರ್ವರ್ಡ್ ಬಂದಿದೆ.

ಚೀಫ್ ಕುಕ್: ಹಚ್ಚಬೇಡಿ. ಪೇಸ್ಟ್, ಅರಿಶಿನ, ಬೆಣ್ಣೆ, ಐಸ್ ಯಾವುದೂ ಬೇಡ. ಸುಟ್ಟ ತಕ್ಷಣ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಹಡಗಿನಲ್ಲಿ ಪ್ರಥಮ ಚಿಕಿತ್ಸೆ ಕಲಿತ ಅಧಿಕಾರಿ ಇರುತ್ತಾರೆ, ಅವರಿಗೆ ತೋರಿಸಲಿ. ಪಾತ್ರೆ ಜಾರದಂತೆ ಒಲೆಯ ಸುತ್ತ ಸರಳು ಇರುತ್ತದೆ, ಅದನ್ನು ಬಿಗಿ ಮಾಡಿದ್ದನಾ? ಹಡಗು ಹೊಯ್ದಾಡುವಾಗ ಬಾಣಲೆಗೆ ಅರ್ಧಕ್ಕಿಂತ ಜಾಸ್ತಿ ಎಣ್ಣೆ ಹಾಕಬಾರದು. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಲೇಬಾರದು.

ಸಾಗರ: ಸಮುದ್ರದಲ್ಲಿ ವಾಂತಿ ಆದರೆ ಏನು ಮಾಡುವುದು?

ಚೀಫ್ ಕುಕ್: ಕೆಲವು ದಿನದಲ್ಲಿ ಹೆಚ್ಚಿನವರಿಗೆ ಒಗ್ಗುತ್ತದೆ. ಮಾತ್ರೆ ಡಾಕ್ಟರ್ ಕೊಡುತ್ತಾರೆ.

ಕಾರವಾರ: ಹೊಕ್ಕುಳಿಗೆ ಕರ್ಪೂರ ಇಟ್ಟರೆ...

ಚೀಫ್ ಕುಕ್: ದಯವಿಟ್ಟು ನಿಲ್ಲಿಸಿ.

ಶಿವಮೊಗ್ಗ: ಸಾರ್, ನನ್ನ ತಮ್ಮನಿಗೆ 19. ಒಬ್ಬ ಏಜೆಂಟ್ ಸರಕು ಹಡಗಿನಲ್ಲಿ 'ಅಸಿಸ್ಟೆಂಟ್ ಪರ್ಸರ್, ಎರಡು ಪಟ್ಟಿ' ಅಂತ ಕೆಲಸ ಹೇಳಿದ್ದಾನೆ. ಎರಡೂವರೆ ಲಕ್ಷ ಕೇಳುತ್ತಾನೆ. ಟೂರಿಸ್ಟ್ ವೀಸಾದಲ್ಲಿ ಹೋಗಿ, ಸಿಡಿಸಿ ಅಲ್ಲೇ ಮಾಡಿಸಿಕೊಡುತ್ತೇನೆ ಅಂತಾನೆ. ಅಪ್ಪ ಸಾಲಕ್ಕೆ ಓಡಾಡುತ್ತಿದ್ದಾರೆ.

ಚೀಫ್ ಕುಕ್: ತಾಯಿ, ಮೊದಲು ಅಪ್ಪನನ್ನು ತಡೆಯಿರಿ. ಇವತ್ತಿನ ಸರಕು ಹಡಗಿನಲ್ಲಿ ಪರ್ಸರೇ ಇರುವುದಿಲ್ಲ, ಅಸಿಸ್ಟೆಂಟ್ ಎಲ್ಲಿಂದ ಬಂದ? ಆ ಎರಡು ಪಟ್ಟಿ ಹುಡುಗನ ಕಣ್ಣು ಕುಕ್ಕಲಿಕ್ಕೆ.

ಸಿಡಿಸಿ ಅಂದರೆ ನಾವಿಕನ ಪುಸ್ತಕ. ನಮ್ಮ ಹುಡುಗರಿಗೆ ಅದನ್ನು ಕೊಡುವುದು ನಮ್ಮ ಸರ್ಕಾರ. ಅದಕ್ಕೂ ಮೊದಲು ಸುರಕ್ಷತೆಯ ಕೋರ್ಸ್‌ಗಳು ಆಗಬೇಕು: ನೀರಿನಲ್ಲಿ ಬದುಕುಳಿಯುವುದು, ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಹೀಗೆ. ಡಿಜಿ ಶಿಪ್ಪಿಂಗ್ (ಹಡಗು ವ್ಯವಹಾರ ನೋಡುವ ಕೇಂದ್ರ ಸರ್ಕಾರದ ಕಚೇರಿ) ಒಪ್ಪಿದ ಡಾಕ್ಟರರ ತಪಾಸಣೆಯೂ ಬೇಕು. ಕುಕ್ ಆಗುವುದಾದರೆ ಅಡುಗೆಯ ತರಬೇತಿಯೂ ಬೇಕು.

ಕೆಲಸ ಕೊಡಿಸಲಿಕ್ಕೆ ನಾವಿಕನಿಂದ ಹಣ ಪಡೆಯುವಂತಿಲ್ಲ. 2006ರ ಕಡಲ ಕಾರ್ಮಿಕ ಒಪ್ಪಂದ ಹಾಗೆ ಹೇಳುತ್ತದೆ. ಭಾರತ 2015ರಲ್ಲಿ ಅದನ್ನು ಅನುಮೋದಿಸಿದೆ. ಊಟಕ್ಕೂ ಹಡಗಿನಲ್ಲಿ ದುಡ್ಡು ಹಿಡಿಯುವಂತಿಲ್ಲ. ಏಜೆಂಟನ ಆರ್‌ಪಿಎಸ್‌ಎಲ್ ನಂಬರ್, ಅಂದರೆ ನಾವಿಕರನ್ನು ಕೆಲಸಕ್ಕೆ ಸೇರಿಸುವ ಲೈಸೆನ್ಸ್ ನಂಬರ್ ಕೇಳಿ, ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲಿ ನೋಡಿ. ಹಡಗಿನ ಹೆಸರು, ಐಎಂಒ ನಂಬರ್ (ಹಡಗಿನ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ), ಸಹಿ ಮಾಡಿದ ಕರಾರು ಕೇಳಿ. ಹೀಗೆ ಹೋದ ಹುಡುಗರು ಸಂಬಳವೂ ಇಲ್ಲದೆ, ವೀಸಾ ಮುಗಿದು, ಪರದೇಶದ ಬಂದರಿನಲ್ಲಿ ಸಿಕ್ಕಿಬೀಳುತ್ತಾರೆ. ಪಾಸ್‌ಪೋರ್ಟ್ ಯಾರ ಕೈಯಲ್ಲಿದೆ?

ಕುಂದಾಪುರ: ಸಂಬಳ ಎಷ್ಟು ಸಾರ್?

ಭಟ್ಕಳ: ಏಜೆಂಟರೆಲ್ಲ ಕಳ್ಳರಲ್ಲ. ನಾನೂ ದುಡ್ಡು ಕೊಟ್ಟೇ ಹೋದವನು, ಚೆನ್ನಾಗಿದ್ದೇನೆ.

ಮಲ್ಪೆ: ನಿಮಗೆ ನಡೆಯಿತು ಅಂತ ಬೇರೆಯವರ ಮಕ್ಕಳನ್ನು ತಳ್ಳಬೇಡಿ.

ಭಟ್ಕಳ: ನೀವು ಹಡಗು ಹತ್ತಿದ್ದೀರಾ? ಸುಮ್ನೆ ಮಾತಾಡಬೇಡಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಹುಬ್ಬಳ್ಳಿ: ನನ್ನ ಪ್ರಶ್ನೆ ಹಾಗೇ ಉಳಿಯಿತು ಸಾರ್.

ಕುಂದಾಪುರ: ಮೆಸ್‌ಮನ್‌ಗೆ ಪಟ್ಟಿ ಇದೆಯಾ?

ಚೀಫ್ ಕುಕ್: ಮೇಲೆ ಓದಿ.

ಶಿವಮೊಗ್ಗ: ನಂಬರ್ ಕೇಳಿದೆ. 'ನಂಬಿಕೆ ಇಲ್ಲದಿದ್ದರೆ ಬಿಡಿ' ಅಂದ. ಪಾಸ್‌ಪೋರ್ಟ್ ಅವನ ಹತ್ತಿರವೇ ಇದೆ.

ಚೀಫ್ ಕುಕ್: ನಾಳೆ ಬೆಳಿಗ್ಗೆ ಅಪ್ಪನ ಜೊತೆ ಹೋಗಿ ಪಾಸ್‌ಪೋರ್ಟ್ ವಾಪಸ್ ಕೇಳಿ. ಕೊಡದಿದ್ದರೆ ಅಲ್ಲಿಂದ ಸೀದಾ ಪೊಲೀಸ್ ಠಾಣೆಗೆ. ಅವನ ಮೆಸೇಜ್ ಒಂದನ್ನೂ ಅಳಿಸಬೇಡಿ. ತಮ್ಮನಿಗೆ ನನ್ನ ಹತ್ತಿರ ಮಾತಾಡಲು ಹೇಳಿ, ಸರಿಯಾದ ಕೋರ್ಸ್ ಯಾವುದೆಂದು ನಾನೇ ತಿಳಿಸುತ್ತೇನೆ.