12 ವಾರ ಮಾತ್ರೆ ಮುಗಿದರೂ ಕಾಲಿನ ಉಗುರು ಹಳದಿ. ಮದ್ದು ಹತ್ತಿಲ್ಲವೇ?

ಪ್ರಶ್ನೆ (ಮಾಟುಂಗಾ, ಮುಂಬೈ)
ಅಪ್ಪನಿಗೆ 61 ವರ್ಷ, ಸಕ್ಕರೆ ಕಾಯಿಲೆಯಿದೆ. ಹೋಟೆಲ್ ಅಡುಗೆಮನೆಯ ಒದ್ದೆ ನೆಲದಲ್ಲಿ ನಿಂತೇ ಕೆಲಸ. ಎರಡೂ ಹೆಬ್ಬೆರಳ ಉಗುರು ದಪ್ಪಗಾಗಿ ಹಳದಿಯಾಗಿವೆ. ಕೆಒಎಚ್ ಪರೀಕ್ಷೆಯಲ್ಲಿ (ಉಗುರಿನ ಪುಡಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು) ಫಂಗಸ್ ಸಿಕ್ಕಿತ್ತು. ಫಂಗಸ್ ಮಾತ್ರೆ ಟರ್ಬಿನಾಫಿನ್ 250 ಮಿ.ಗ್ರಾಂ ದಿನಕ್ಕೊಂದರಂತೆ 12 ವಾರ ಆಯಿತು, ಬಣ್ಣ ಹಾಗೇ ಇದೆ. ಇನ್ನೊಂದು ಫಂಗಸ್ ಮದ್ದು ಇಟ್ರಾಕೊನಜೋಲ್‌ಗೆ ಬದಲಿಸಬೇಕೇ?

ಉತ್ತರ 1
ಈಗಲೇ ಬೇಡ. ಕೆಟ್ಟ ಉಗುರು ಮದ್ದಿನಿಂದ ತಿಳಿಯಾಗುವುದಿಲ್ಲ, ಬುಡದಿಂದ ಹೊಸದು ಬೆಳೆದು ಅದನ್ನು ಮುಂದೆ ತಳ್ಳಬೇಕು. ಹೆಬ್ಬೆರಳ ಉಗುರು ತಿಂಗಳಿಗೆ ಸುಮಾರು 1.5 ಮಿ.ಮೀ. ಬೆಳೆಯುತ್ತದೆ, ವಯಸ್ಸಾದವರಲ್ಲಿ ಇನ್ನೂ ನಿಧಾನ. ಪೂರ್ತಿ ಬದಲಾಗಲು 12ರಿಂದ 18 ತಿಂಗಳು. ಮಾತ್ರೆ ನಿಲ್ಲಿಸಿದರೂ ಟರ್ಬಿನಾಫಿನ್ ಉಗುರಿನಲ್ಲಿ ತಿಂಗಳುಗಟ್ಟಲೆ ಉಳಿದಿರುತ್ತದೆ.

ನೋಡಬೇಕಾದ್ದು ಬುಡವನ್ನು. ಒಳ್ಳೆಯ ಭಾಗ ಮುಗಿದು ಕೆಟ್ಟದ್ದು ಶುರುವಾಗುವ ಕಡೆ ಉಗುರು ಉಜ್ಜುವ ಫೈಲಿನಿಂದ ನವಿರಾಗಿ ಗೆರೆ ಹಾಕಿಸಿ, ತಿಂಗಳಿಗೊಮ್ಮೆ ಫೋಟೊ ತೆಗೆಯಿರಿ. ಗೆರೆ ಮುಂದೆ ಸರಿದು ಹಿಂದೆ ತಿಳಿ ಉಗುರು ಬಂದರೆ ಮದ್ದು ಕೆಲಸ ಮಾಡುತ್ತಿದೆ. ಹಳದಿ ಬಣ್ಣ ಆ ಗೆರೆಯನ್ನು ದಾಟಿ ಬುಡದ ಕಡೆ ಬಂದರೆ ಮದ್ದು ಸೋತಿದೆ.

ಟರ್ಬಿನಾಫಿನ್ ಪ್ರಯೋಗಗಳಲ್ಲೂ 48ನೇ ವಾರಕ್ಕೆ ಸುಮಾರು 70% ಜನರಲ್ಲಿ ಪರೀಕ್ಷೆಗೆ ಫಂಗಸ್ ಸಿಗಲಿಲ್ಲ, ಉಗುರೂ ಪೂರ್ತಿ ಸರಿಹೋದದ್ದು 38% ಜನರಲ್ಲಿ ಮಾತ್ರ. ಉಗುರಿನ ಅರ್ಧಕ್ಕಿಂತ ಹೆಚ್ಚು ಕೆಟ್ಟಿದ್ದರೆ, 2 ಮಿ.ಮೀ.ಗಿಂತ ದಪ್ಪವಿದ್ದರೆ, ಅಂಚಿನುದ್ದಕ್ಕೂ ಹಬ್ಬಿದ್ದರೆ, ಸಕ್ಕರೆ ಕಾಯಿಲೆಯೋ ಪಾದದ ರಕ್ತಸಂಚಾರದ ತೊಂದರೆಯೋ ಇದ್ದರೆ ಫಲ ಕಡಿಮೆ. ಉದ್ದಕ್ಕೆ ಹಳದಿ ಪಟ್ಟಿ ಕಂಡರೆ ಒಳಗೆ ಫಂಗಸ್ ಗಟ್ಟಿಯಾಗಿ ಕೂತಿರುತ್ತದೆ. ಮಾತ್ರೆ ಅಲ್ಲಿಗೆ ತಲುಪುವುದು ಕಷ್ಟ, ಚರ್ಮವೈದ್ಯರು ಅದನ್ನು ಕತ್ತರಿಸಿ ತೆಗೆಯಬೇಕು. ಮನೆಯಲ್ಲಿ ಬ್ಲೇಡ್ ಹಾಕಲೇಬೇಡಿ, ಸಕ್ಕರೆ ಇರುವ ಪಾದದಲ್ಲಿ ಸಣ್ಣ ಗಾಯವೂ ಕೀವಾಗಬಹುದು. ದಪ್ಪ ಇಳಿಸಲು 40% ಯೂರಿಯಾ ಮುಲಾಮು ಇದೆ, ವೈದ್ಯರನ್ನು ಕೇಳಿ.

ಪ್ರಶ್ನೆ ಕೇಳಿದವರು
ಅಪ್ಪ ಅಟೊರ್ವಾಸ್ಟಾಟಿನ್ (ಕೊಲೆಸ್ಟ್ರಾಲ್‌ಗೆ), ಪ್ಯಾಂಟೊಪ್ರಜೋಲ್ (ಹೊಟ್ಟೆಯ ಆಮ್ಲಕ್ಕೆ) ಎರಡೂ ತೆಗೆದುಕೊಳ್ಳುತ್ತಾರೆ.

ಉತ್ತರ 2
ಹಾಗಾದರೆ ಇಟ್ರಾಕೊನಜೋಲ್ ಇನ್ನೂ ತೊಡಕಿನದು. ಅದು ಅಟೊರ್ವಾಸ್ಟಾಟಿನ್ ಮಟ್ಟ ಏರಿಸಿ ಸ್ನಾಯುಗಳಿಗೆ ಹಾನಿ ಮಾಡಬಹುದು, ಪ್ಯಾಂಟೊಪ್ರಜೋಲ್ ಇದ್ದರೆ ದೇಹ ಇಟ್ರಾಕೊನಜೋಲ್ ಕ್ಯಾಪ್ಸೂಲನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಹೃದಯ ವೈಫಲ್ಯ ಇರುವವರಿಗಂತೂ ಉಗುರಿಗಾಗಿ ಅದನ್ನು ಕೊಡಬಾರದು. ಲಿವರ್ ಪರೀಕ್ಷೆ ಟರ್ಬಿನಾಫಿನ್ ಶುರುವಿಗೆ ಮೊದಲೇ ಆಗಿರಬೇಕಿತ್ತು, ಆಗಿಲ್ಲದಿದ್ದರೆ ಈಗ ಮಾಡಿಸಿ.

ಉತ್ತರ 3 (ಲ್ಯಾಬ್)
ಗೆರೆ ಸರಿಯದಿದ್ದರೆ ಮರುಪರೀಕ್ಷೆಗೆ ತುದಿಯ ಚೂರು ಸಾಲದು. ಸ್ಪಿರಿಟ್‌ನಿಂದ ಒರೆಸಿ, ತುದಿ ಕತ್ತರಿಸಿ ಬಿಸಾಕಿ, ಒಳ್ಳೆಯ ಭಾಗದ ಗಡಿಯ ಅಡಿಯಿಂದ ಪುಡಿ ಕೆರೆದು ಕೊಡಬೇಕು. ಮಾತ್ರೆಯ ಅಂಶ ಉಳಿದಿರುವಾಗ ಕಲ್ಚರ್ (ಲ್ಯಾಬಿನಲ್ಲಿ ಫಂಗಸ್ ಬೆಳೆಸಿ ನೋಡುವುದು) ಸುಳ್ಳು ನೆಗೆಟಿವ್ ಬರಬಹುದು. ಕತ್ತರಿಸಿದ ಉಗುರಿಗೆ ಬಣ್ಣ ಹಾಕಿ ಫಂಗಸ್ ಹುಡುಕುವ ಪಿಎಎಸ್ ಪರೀಕ್ಷೆಯನ್ನೂ ಕೇಳಿ. ಕೆಒಎಚ್ ಯಾವ ಜಾತಿಯ ಫಂಗಸ್ ಎಂದು ಹೇಳುವುದಿಲ್ಲ, ಬೇರೆ ಬೂಷ್ಟಿದ್ದರೆ ಟರ್ಬಿನಾಫಿನ್‌ಗೆ ಬಗ್ಗದಿರಬಹುದು.

ಉತ್ತರ 1
ಮುಂಬೈ ಮಳೆಗಾಲದಲ್ಲಿ ಒಂದೇ ಜೋಡಿ ಬೂಟು ಒಣಗುವುದಿಲ್ಲ, ಎರಡು ಜೋಡಿ ಇಟ್ಟು ದಿನ ಬಿಟ್ಟು ದಿನ ಹಾಕಲಿ. ಬೆರಳ ಸಂದಿನಲ್ಲಿ ಸಿಪ್ಪೆ ಏಳುತ್ತಿದ್ದರೆ ಅದಕ್ಕೂ ಚಿಕಿತ್ಸೆ ಬೇಕು, ಫಂಗಸ್ ಅಲ್ಲಿಂದಲೇ ಉಗುರಿಗೆ ಮರಳುತ್ತದೆ.