‘ಲ್ಯಾಬಿರಿಂತ್’ಗೆ ಚಕ್ರವ್ಯೂಹ ಎನ್ನಬಹುದೇ?

ಪ್ರಶ್ನೆ: ಧ್ಯಾನಕ್ಕೆಂದು ನೆಲದ ಮೇಲೆ ಹಾಸಿದ ಲ್ಯಾಬಿರಿಂತ್‌ಗಳಲ್ಲಿ (ಸುತ್ತಿಸುತ್ತಿ ನಡುವಿಗೆ ಒಯ್ಯುವ ಹಾದಿಗಳಲ್ಲಿ) ನಡೆಯುವವರಿಗಾಗಿ ಒಂದು ಪುಟದ ಸೂಚನೆ ಬರೆಯಬೇಕಿದೆ. ‘ಚಕ್ರವ್ಯೂಹ’ ಸಾಕೇ? ‘ಜಟಿಲ ಮಾರ್ಗ’, ‘ಸುತ್ತುದಾರಿ’ ಎಂಬ ಸಲಹೆಗಳೂ ಬಂದಿವೆ. ‘ಸರ್ಕ್ಯೂಟ್’ಗೆ, ಅಂದರೆ ಹಾದಿ ನಡುವನ್ನು ಒಮ್ಮೆ ಬಳಸಿ ಬರುವುದಕ್ಕೆ, ಯಾವ ಪದ? ‘ಪ್ರದಕ್ಷಿಣೆ’ ಆದೀತೇ?

ಉತ್ತರ: ಆಕಾರವನ್ನಷ್ಟೇ ನೋಡಿದರೆ ಚಕ್ರವ್ಯೂಹ ತಪ್ಪಲ್ಲ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಅಭಿಮನ್ಯು ಹೊಕ್ಕ ವ್ಯೂಹವನ್ನು ಸುತ್ತುಸುತ್ತಾದ ಇಂಥ ಹಾದಿಯಾಗಿಯೇ ಕೆತ್ತಿದ್ದಾರೆ. ಆದರೆ ಆ ಪದದ ಬೆನ್ನಿಗೆ ಕಥೆಯೂ ಬರುತ್ತದೆ. ಚಕ್ರವ್ಯೂಹವನ್ನು ‘ಭೇದಿಸುತ್ತಾರೆ’, ಅದರಲ್ಲಿ ‘ಸಿಕ್ಕಿಬೀಳುತ್ತಾರೆ’. ಲ್ಯಾಬಿರಿಂತ್‌ನಲ್ಲಿ ಭೇದಿಸಲು ಏನೂ ಇಲ್ಲ, ಸಿಕ್ಕಿಬೀಳುವುದೂ ಇಲ್ಲ: ಕವಲಿಲ್ಲದ ಒಂದೇ ಹಾದಿ, ಹೋದ ದಾರಿಯಲ್ಲೇ ಮರಳುವುದು. ‘ಜಟಿಲ’ ಎಂಬುದೂ ಇದೇ ಕಾರಣಕ್ಕೆ ಬೇಡ; ಅದು ಮೇಜ಼್‌ಗೆ, ಅಂದರೆ ಲಖನೌದ ಭೂಲ್‌ಭುಲಯ್ಯದಂಥ ಕವಲುದಾರಿಗಳ ಕಟ್ಟಡಕ್ಕೆ ಇರಲಿ. ‘ಸುತ್ತುದಾರಿ’ ಎಂದರೆ ಬಳಸಿಕೊಂಡು ಹೋಗುವ ದೂರದ ದಾರಿ ಎಂದೇ ಓದುಗರು ತಿಳಿಯುತ್ತಾರೆ.

‘ಸರ್ಕ್ಯೂಟ್’ಗೆ ಪದ ನಮ್ಮಲ್ಲೇ ಇದೆ. ಚಿತ್ರದುರ್ಗದ್ದು ಏಳು ಸುತ್ತಿನ ಕೋಟೆ; ಹಾಗೆಯೇ ಏಳು ಸರ್ಕ್ಯೂಟ್‌ಗಳ ಲ್ಯಾಬಿರಿಂತ್ ‘ಏಳು ಸುತ್ತಿನ ಹಾದಿ’. ಫ್ರಾನ್ಸಿನ ಶಾರ್ತ್ರ್ ಕೆಥೆಡ್ರಲ್‌ನ ನೆಲದಲ್ಲಿರುವ 13ನೇ ಶತಮಾನದ್ದು ‘ಹನ್ನೊಂದು ಸುತ್ತಿನ ಹಾದಿ’.

‘ಪ್ರದಕ್ಷಿಣೆ’ ಮಾತ್ರ ಖಂಡಿತ ಬೇಡ. ಪ್ರದಕ್ಷಿಣೆಯಲ್ಲಿ ನಡು ಯಾವಾಗಲೂ ಬಲಗಡೆಗೇ ಇರುತ್ತದೆ. ಸಾಂಪ್ರದಾಯಿಕ ಏಳು ಸುತ್ತಿನ ಹಾದಿಯಲ್ಲಿ ಒಂದು ಸುತ್ತು ಮುಗಿಸಿ ಇನ್ನೊಂದಕ್ಕೆ ಹೊರಳಿದಾಗಲೆಲ್ಲ ದಿಕ್ಕು ಬದಲಾಗಿ ನಡು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬರುತ್ತದೆ. ಸುತ್ತುಗಳ ಕ್ರಮವೂ ನೇರವಲ್ಲ: ಹೊರಗಿನಿಂದ ಎಣಿಸಿದರೆ 3, 2, 1, 4, 7, 6, 5, ಆಮೇಲೆ ನಡು. ಏಳನೆಯದರಲ್ಲಿ ನಡುವಿನ ಪಕ್ಕದಲ್ಲೇ ನಡೆದವರು ಆರು, ಐದಕ್ಕೆ ಹೊರಗೆ ಸರಿಯಬೇಕಾಗುತ್ತದೆ. ದಾರಿ ತಪ್ಪಿತೆಂದು ಜನ ಇಲ್ಲಿ ಗೆರೆ ದಾಟಿಬಿಡಬಹುದು. ಹಾಗಾಗಿ ಸೂಚನೆಯಲ್ಲಿ ಈ ಕ್ರಮವನ್ನು ಬರೆಯಲೇಬೇಕು.

ಶಾರ್ತ್ರ್‌ನ ಹಾದಿ ಸುಮಾರು 34 ಸೆಂಟಿಮೀಟರ್ ಅಗಲ. ಇಬ್ಬರು ಜೊತೆಜೊತೆಯಾಗಿ ನಡೆಯಲಾಗದು. ಒಳಹೋಗಲು ಸುಮಾರು 260 ಮೀಟರ್, ಮರಳಲು ಅಷ್ಟೇ. ಎದುರಾದವರಿಗೆ ಪಕ್ಕದ ಸುತ್ತಿಗೆ ಸರಿದು ಜಾಗ ಕೊಟ್ಟವರು ತಮ್ಮ ಸುತ್ತಿಗೇ, ಮೊದಲು ಮುಖ ಮಾಡಿದ್ದ ಕಡೆಗೇ ಮರಳಬೇಕು. ಹಿಂದುಮುಂದಾದರೆ ನಡುವಿನ ಬದಲು ಬಾಗಿಲಿಗೇ ಬಂದು ಮುಟ್ಟುತ್ತಾರೆ. ಶಾರ್ತ್ರ್‌ನಲ್ಲಿ ಹಾದಿಯ ಮೇಲೆ ಸಾಮಾನ್ಯವಾಗಿ ಕುರ್ಚಿಗಳಿರುತ್ತವೆ, ವರ್ಷದ ಕೆಲವು ತಿಂಗಳು ಶುಕ್ರವಾರಗಳಂದು ತೆಗೆಯುತ್ತಾರೆ. ಹೋಗುವವರು ಮೊದಲೇ ವಿಚಾರಿಸಲಿ.

ಉಳಿದವಕ್ಕೆ ಬಾಗಿಲು, ಗೆರೆ, ತಿರುವು, ನಡು ಸಾಕು. ‘ಕೇಂದ್ರಬಿಂದು’ ಬೇಡ, ಅಲ್ಲಿ ನಿಲ್ಲಲು ಜಾಗವಿರುತ್ತದೆ. ಕ್ರಿಯಾಪದ ‘ನಡೆ’. ಫಲಕಕ್ಕೆ ಹೀಗೆ ಬರೆಯಬಹುದು: “ಇದು ಏಳು ಸುತ್ತಿನ ಹಾದಿ. ಕವಲಿಲ್ಲ. ಗೆರೆ ದಾಟದೆ ನಡೆಯಿರಿ, ನಡುವಿನಲ್ಲಿ ಬೇಕಾದಷ್ಟು ಹೊತ್ತು ನಿಲ್ಲಿ, ಬಂದ ಹಾದಿಯಲ್ಲೇ ಮರಳಿ.”