ಡಾಕ್ಟರರನ್ನು ಕೇಳಿ: ಐಸಿಯು ಒಳಗೆ ಅಪ್ಪ, ಹೊರಗೆ ನಾಲ್ಕು ಅಭಿಪ್ರಾಯ

ಗುಂಪಿನ ಮೇಲ್ವಿಚಾರಕರು: ವಿಜಯಪುರದ ಐಸಿಯು ವೈದ್ಯರೊಬ್ಬರು ಇಂದು ರಾತ್ರಿ ಉತ್ತರಿಸುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ.

ಇಂಡಿಯ ಸದಸ್ಯರು: ತಾಯಿಗೆ ಹೊಟ್ಟೆಯ ಕ್ಯಾನ್ಸರ್. ಲಕ್ಷ್ಮಣಫಲ ತಿಂದರೆ ಕಿಮೊಥೆರಪಿ ಬೇಡವೆಂಬ ಸಂದೇಶ ಬಂದಿದೆ. ನಿಜವೇ ಸರ್?

ವೈದ್ಯರು: ಅಲ್ಲ. ಹಣ್ಣು ಹಣ್ಣೇ. ಕಿಮೊ ಬೇಕೋ ಬೇಡವೋ ಎಂಬುದನ್ನು ತಾಯಿಯವರನ್ನೂ ಕೂರಿಸಿಕೊಂಡು ಕ್ಯಾನ್ಸರ್ ತಜ್ಞರೊಡನೆ ಮಾತನಾಡಿ.

ಸಿಂದಗಿಯ ಸದಸ್ಯರು: ಬಿಪಿಎಲ್ ಕಾರ್ಡ್ ಇದೆ. ಆಯುಷ್ಮಾನ್‌ನಲ್ಲಿ ವೆಂಟಿಲೇಟರ್ ಖರ್ಚು ಸೇರುತ್ತದೆಯೇ?

ಜಮಖಂಡಿಯ ಮಗಳು: ಅಪ್ಪನಿಗೆ 78 ವರ್ಷ. ಮೆದುಳಿನಲ್ಲಿ ದೊಡ್ಡ ರಕ್ತಸ್ರಾವ. ಹನ್ನೆರಡು ದಿನದಿಂದ ವೆಂಟಿಲೇಟರ್, ಕಣ್ಣು ತೆರೆದಿಲ್ಲ. ಗಂಟಲಿಗೆ ರಂಧ್ರ ಮಾಡಬೇಕು, ಸಹಿ ಹಾಕಿ ಎನ್ನುತ್ತಿದ್ದಾರೆ. ಪುಣೆಯಲ್ಲಿರುವ ತಮ್ಮ ‘ಎಲ್ಲ ಮಾಡಿಸಿ’ ಎನ್ನುತ್ತಾನೆ. ಕಾಕಾ ಮನೆಗೆ ಒಯ್ಯೋಣ ಎನ್ನುತ್ತಾರೆ. ಸಹಿ ಹಾಕಲೇ?

ವೈದ್ಯರು: ಮೊದಲು ಅದು ಏನೆಂದು ತಿಳಿಯಿರಿ. ಬಾಯಿಯ ನಳಿಕೆ ಎರಡು ವಾರ ಸಮೀಪಿಸಿದರೆ ಗಂಟಲಿಗೆ ಗಾಯವಾಗುವ ಭಯ, ಅದಕ್ಕೇ ಟ್ರೆಕಿಯಾಸ್ಟಮಿ, ಅಂದರೆ ಗಂಟಲಿನ ರಂಧ್ರದಿಂದ ನೇರ ಶ್ವಾಸನಾಳಕ್ಕೆ ನಳಿಕೆ. ಕಫ ತೆಗೆಯಲು ಅನುಕೂಲ. ಮೆದುಳು ಅದರಿಂದ ಸುಧಾರಿಸುವುದಿಲ್ಲ. ನಾಳೆ ಅಲ್ಲಿನ ವೈದ್ಯರನ್ನು ನೇರವಾಗಿ ಕೇಳಿ: ಅಪ್ಪ ನಮ್ಮ ಗುರುತು ಹಿಡಿಯುವ ಸ್ಥಿತಿಗೆ ಬರುತ್ತಾರೆಯೇ? ‘ನೋಡೋಣ’ ಎಂದರೆ, ಎಷ್ಟು ದಿನ ನೋಡುವುದು, ಏನು ಕಂಡರೆ ಸುಧಾರಣೆ ಎಂದು ಗೊತ್ತುಮಾಡಿಸಿಕೊಳ್ಳಿ.

ತಮ್ಮನ ಮಾತು, ಕಾಕಾನ ಮಾತು ಬರೆದಿದ್ದೀರಿ. ಅಪ್ಪ ಏನೆನ್ನುತ್ತಿದ್ದರು ಎಂಬ ಒಂದು ಸಾಲೂ ಇಲ್ಲ. ಅವ್ವನ ಸುದ್ದಿಯೇ ಇಲ್ಲ. ಆಯುಷ್ಯವಿಡೀ ಜೊತೆಗಿದ್ದವರನ್ನು ಬಿಟ್ಟು ನನ್ನನ್ನು ಕೇಳುತ್ತಿದ್ದೀರಿ.

ವೆಂಟಿಲೇಟರ್ ಬಿಡಿಸಿ ಹಾಗೆಯೇ ಮನೆಗೆ ಒಯ್ದರೆ ದಾರಿಯಲ್ಲೇ ಏದುಸಿರು ಬಿಡುವುದನ್ನು ನೀವೇ ನೋಡಬೇಕಾದೀತು. ಸಹಿ ಹಾಕಿಸಿಕೊಂಡು ಹಾಗೆ ಕಳಿಸಿಬಿಡುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಚೇತರಿಕೆ ಇಲ್ಲವೆಂದಾದರೆ ಯಂತ್ರ ನಿಲ್ಲಿಸಲು ಕಾನೂನಿನ ದಾರಿಯಿದೆ. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ, 2023ರಲ್ಲಿ ಕ್ರಮವನ್ನು ಸರಳಗೊಳಿಸಿತು; 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ ಸುತ್ತೋಲೆ ಹೊರಡಿಸಿತು. ತಲಾ ಮೂವರು ವೈದ್ಯರಿರುವ ಎರಡು ಮಂಡಳಿಗಳೂ ಒಪ್ಪಬೇಕು, ಮನೆಯವರ ಒಪ್ಪಿಗೆಯೂ ಬೇಕು. ಯಂತ್ರ ನಿಂತರೂ ನೋವಿನ ಔಷಧ ನಿಲ್ಲುವುದಿಲ್ಲ.

ಬನಹಟ್ಟಿಯ ಸದಸ್ಯರು: ಪಾರ್ಶ್ವವಾಯು ಬಡಿದೊಡನೆ ಹತ್ತೂ ಬೆರಳಿಗೆ ಸೂಜಿ ಚುಚ್ಚಿ ರಕ್ತ ತೆಗೆದರೆ ಸಾಕಂತೆ. ಎಲ್ಲರಿಗೂ ಕಳಿಸಿ.

ವೈದ್ಯರು: ಯಾರಿಗೂ ಕಳಿಸಬೇಡಿ. ಸೂಜಿ ಹುಡುಕುವ ಹೊತ್ತಿನಲ್ಲಿ ಗಾಡಿ ಹುಡುಕಿ. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯಷ್ಟೇ ಗಡುವು. ಬೆರಳು ಚುಚ್ಚಿಸಿಕೊಂಡು, ಗಡುವು ಮುಗಿದ ಮೇಲೆ ಬಂದವರನ್ನು ನೋಡಿದ್ದೇನೆ.

ಬಾದಾಮಿಯ ಸದಸ್ಯರು: ಇಂಥ ಸ್ಥಿತಿ ಬಂದರೆ ನನಗೆ ಯಂತ್ರ ಬೇಡವೆಂದು ನಾನೇ ಮೊದಲೇ ಬರೆದಿಡಬಹುದೇ?

ವೈದ್ಯರು: ಬರೆದಿಡಿ. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕು.

ಮುಧೋಳದ ಸದಸ್ಯರು: ಲಕ್ಷ್ಮಣಫಲದ ಎಲೆಯ ಕಷಾಯ ಕೊಡಬಹುದೇ?

ವೈದ್ಯರು: ಮೇಲೆ ಓದಿ.

ಪುಣೆಯ ಮಗ: ಅಕ್ಕಾ, ಮನೆಯ ಮಾತನ್ನು ಊರ ಮುಂದೆ ಹರಡಬೇಕಿತ್ತೇ? ದುಡ್ಡು ಕಳಿಸುತ್ತಿರುವವನು ನಾನು.

ಜಮಖಂಡಿಯ ಮಗಳು: ದುಡ್ಡು ಬರುತ್ತಿದೆ, ನೀನು ಬಂದಿಲ್ಲ. ಎದುರು ಮನೆಯ ಅಜ್ಜನ ಮೂಗಿನ ನಳಿಕೆ ನೋಡಿ ಬಂದ ದಿನ ಅಪ್ಪ ‘ನನಗೆ ಇದನ್ನು ಹಾಕಿಸಬೇಡಿ’ ಎಂದದ್ದು ಮರೆತೆಯಾ? ನೀನೂ ಕಟ್ಟೆಯ ಮೇಲೆ ಕುಳಿತಿದ್ದೆ.

ಪುಣೆಯ ಮಗ: ಅದು ಮಾತಿಗೆ ಬಂದ ಮಾತು.

ಮುಧೋಳದ ಸದಸ್ಯರು: ಗಂಡುಮಗ ಇರುವಾಗ ಮದುವೆಯಾಗಿ ಹೋದ ಮಗಳ ಸಹಿ ನಡೆಯುವುದಿಲ್ಲ.

ವೈದ್ಯರು: ನಡೆಯುತ್ತದೆ.

ಬಾದಾಮಿಯ ಸದಸ್ಯರು: ಮದುವೆಯಾಗಿ ಹೋದವಳೇ ಹನ್ನೆರಡು ದಿನದಿಂದ ಕಾಯುತ್ತಿದ್ದಾಳೆ. ಕಷಾಯದವರಿಗೆ ಅದು ಕಾಣುವುದಿಲ್ಲವೇ?

ಮುಧೋಳದ ಸದಸ್ಯರು: ನಿಮ್ಮನ್ನು ಕೇಳಿದವರು ಯಾರು?

ಸಿಂದಗಿಯ ಸದಸ್ಯರು: ಸರ್, ಕಾರ್ಡಿನ ವಿಷಯ?

ವೈದ್ಯರು: ಜಮಖಂಡಿಯವರೇ, ಕಟ್ಟೆಯ ಮೇಲಿನ ಆ ಮಾತನ್ನು ಅಲ್ಲಿನ ವೈದ್ಯರಿಗೂ ಹೇಳಿ. ನನಗೆ ವಾರ್ಡಿನಿಂದ ಕರೆ ಬಂದಿದೆ.

ಪುಣೆಯ ಮಗ: ಅವ್ವ ಏನೆನ್ನುತ್ತಾಳೆ?

ಜಮಖಂಡಿಯ ಮಗಳು: ನನ್ನನ್ನು ಕೇಳಬೇಡ. ಇಲ್ಲೇ ಬೆಂಚಿನ ಮೇಲೆ ಕುಳಿತಿದ್ದಾಳೆ. ಫೋನ್ ಮಾಡು, ಅವಳ ಕೈಗೆ ಕೊಡುತ್ತೇನೆ.

ಸಿಂದಗಿಯ ಸದಸ್ಯರು: ಸರ್, ಇದು ಮೂರನೆಯ ಸಲ.